ದುಬೈಯಲ್ಲೊಂದು ಮನೆ: ಕಟ್ಟಿದವರಾರು, ಕೊಳ್ಳುವವರಾರು?

ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ದಿನಪತ್ರಿಕೆಗಳನ್ನು ಬಿಡಿಸಿದರೆ ಮೊದಲ ಪುಟದಲ್ಲಿ ಸುದ್ದಿ ಸಿಗುವುದು ಕಷ್ಟ. ನೀಲಿ ಸಮುದ್ರ, ಅದರ ದಡದಲ್ಲಿ ಆಕಾಶ ಮುಟ್ಟುವ ಕಟ್ಟಡ, ಉಪ್ಪರಿಗೆಯ ಮೇಲೆ ಈಜುಕೊಳ, ಕೆಳಗೆ ದಪ್ಪಕ್ಷರದಲ್ಲಿ ‘ದುಬೈಯಲ್ಲಿ ನಿಮ್ಮದೇ ಮನೆ, ತಿಂಗಳಿಗೆ ಶೇಕಡಾ ಒಂದರಂತೆ ಕಂತು’ ಎಂಬ ಒಕ್ಕಣೆ. ಐಷಾರಾಮಿ ಹೋಟೆಲುಗಳಲ್ಲಿ ಎರಡು ದಿನದ ಪ್ರದರ್ಶನ ನಡೆಯುತ್ತದೆ. ಬಂದವರಿಗೆ ಕಾಫಿ ತಿಂಡಿ, ಹೊಳೆಯುವ ಕಾಗದದ ಪುಸ್ತಕ, ನಯವಾದ ಮಾತು. ಮೊದಲು ಮುಂಬಯಿ, ದೆಹಲಿ, ಬೆಂಗಳೂರುಗಳಿಗೆ ಮಾತ್ರ ಸೀಮಿತವಾಗಿದ್ದ ಈ ದಲ್ಲಾಳಿಗಳ ಮಾತು ಈಗ ಮೊಬೈಲ್ ಫೋನಿನ ಮೂಲಕ ಜಿಲ್ಲಾ ಪಟ್ಟಣಗಳ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಬಂದಿದೆ.

ಗಿರಣಿ ಕಾರ್ಮಿಕರೂ ಕಿರಾಣಿ ವರ್ತಕರೂ ಓದುವ ಈ ಪತ್ರಿಕೆಗೆ ದುಬೈಯ ಫ್ಲಾಟಿನ ಗೊಡವೆ ಏಕೆ ಎಂದು ನೀವು ನಗಬಹುದು. ಬಾಡಿಗೆ ಮನೆಯ ಸೂರು ಸೋರುತ್ತಿರುವಾಗ ಪರದೇಶದ ಉಪ್ಪರಿಗೆಯ ಲೆಕ್ಕ ಯಾರಿಗೆ ಬೇಕು? ಆದರೆ ಈ ವ್ಯವಹಾರದ ಎರಡು ತುದಿಗಳಲ್ಲೂ ನಮ್ಮವರೇ ಇದ್ದಾರೆ. ಒಂದು ತುದಿಯಲ್ಲಿ ಅಲ್ಲಿಗೆ ಹೋಗಿ ಬಿಸಿಲಿನಲ್ಲಿ ಕಬ್ಬಿಣ ಕಟ್ಟುವವನು, ಗಾರೆ ಕಲಸುವವನು. ಇನ್ನೊಂದು ತುದಿಯಲ್ಲಿ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಉಳಿಸಿದ ಹಣಕ್ಕೆ ಭದ್ರವಾದ ಜಾಗ ಹುಡುಕುತ್ತ ದಲ್ಲಾಳಿಯ ಕೈಗೆ ಸಿಕ್ಕುವ ವರ್ತಕ. ನಡುವೆ ಕುಳಿತು ಲಾಭ ಎಣಿಸುವವರು ಬೇರೆ. ಆದುದರಿಂದ ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳಿತು.

ದುಬೈ ನಮಗೆ ಹೊಸ ಊರಲ್ಲ. 1966ರವರೆಗೆ ಅಲ್ಲಿಯ ಪೇಟೆಯಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. ಮೊದಲು ನಮ್ಮ ರೂಪಾಯಿ, 1959ರಿಂದ ನಮ್ಮ ರಿಸರ್ವ್ ಬ್ಯಾಂಕೇ ಅಚ್ಚು ಹಾಕಿಸಿದ ಕೊಲ್ಲಿಯ ರೂಪಾಯಿ. 1966ರ ಜೂನ್ ತಿಂಗಳಲ್ಲಿ ದೆಹಲಿಯ ಸರ್ಕಾರ ರೂಪಾಯಿಯ ಬೆಲೆ ಇಳಿಸಿದಾಗ, ತಮ್ಮ ಕೈಯಲ್ಲಿದ್ದ ನಾಣ್ಯ ರಾತ್ರೋರಾತ್ರಿ ಸವಕಲಾದುದನ್ನು ಕಂಡು ಆ ವರ್ತಕರು ಅದನ್ನು ಬಿಟ್ಟು ಬೇರೆ ನಾಣ್ಯ ಹಿಡಿದರು. ಈಗಿನ ದಿರ್ಹಮು ಬಂದುದು 1973ರಲ್ಲಿ. ಅಂದು ನಮ್ಮ ರೂಪಾಯಿಯನ್ನು ಎಣಿಸುತ್ತಿದ್ದ ಊರಿನಲ್ಲಿ ಇಂದು ಒಂದು ದಿರ್ಹಮಿಗೆ ನಾವು ಇಪ್ಪತ್ತೆರಡಕ್ಕೂ ಹೆಚ್ಚು ರೂಪಾಯಿ ಎಣಿಸಬೇಕು. ದಿರ್ಹಮನ್ನು ಅವರು 1997ರಿಂದ ಡಾಲರಿಗೆ ಗಂಟು ಹಾಕಿಟ್ಟಿದ್ದಾರೆ. ರೂಪಾಯಿ ಇಳಿದಷ್ಟೂ ಅಲ್ಲಿಯ ಮನೆ ನಮಗೆ ದುಬಾರಿ.

ಇಲ್ಲಿಯ ಕಾನೂನಿನ ಕಥೆಯೂ ಹಾಗೆಯೇ ತಿರುಗಿದೆ. 1947ರ ವಿದೇಶಿ ವಿನಿಮಯ ಕಾಯಿದೆಯ ಕಾಲದಲ್ಲೂ, ಅದಕ್ಕಿಂತ ಬಿಗಿಯಾದ 1973ರ ಕಾಯಿದೆಯ ಕಾಲದಲ್ಲೂ ಪರದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದೆಂದರೆ ರಿಸರ್ವ್ ಬ್ಯಾಂಕಿನ ಬಾಗಿಲು ತಟ್ಟಬೇಕಿತ್ತು. 1991ರಲ್ಲಿ ದೇಶ ತನ್ನ ಚಿನ್ನವನ್ನು ಇಂಗ್ಲೆಂಡಿನ ಬ್ಯಾಂಕಿನಲ್ಲಿ ಒತ್ತೆ ಇಡುವ ಸ್ಥಿತಿಗೆ ಬಂದುದು ಹಿರಿಯರಿಗೆ ನೆನಪಿರಬಹುದು. ಆ ಬಳಿಕ ಬಾಗಿಲುಗಳು ಒಂದೊಂದಾಗಿ ತೆರೆದವು. 1999ರ ಹೊಸ ಕಾಯಿದೆ 2000ದ ಜೂನಿನಲ್ಲಿ ಜಾರಿಗೆ ಬಂತು. 2004ರ ಫೆಬ್ರವರಿಯಲ್ಲಿ ‘ಉದಾರೀಕೃತ ರವಾನೆ ಯೋಜನೆ’ ಎಂಬುದನ್ನು ಹೊರಡಿಸಿ, ದೇಶವಾಸಿಯೊಬ್ಬ ವರ್ಷಕ್ಕೆ 25 ಸಾವಿರ ಡಾಲರಿನಷ್ಟನ್ನು ಹೊರಗೆ ಕಳಿಸಬಹುದು, ಅದರಲ್ಲಿ ಮನೆಯನ್ನೂ ಕೊಳ್ಳಬಹುದು ಎಂದರು. ಮಿತಿ ಏರುತ್ತ ಏರುತ್ತ 2015ರಲ್ಲಿ ತಲೆಗೆ ಎರಡೂವರೆ ಲಕ್ಷ ಡಾಲರಿಗೆ ಬಂದು ನಿಂತಿತು.

ಡಾಲರಿಗೆ 83 ರೂಪಾಯಿಯಂತೆ ಹಿಡಿದರೂ ಇದು ಎರಡು ಕೋಟಿ ಏಳು ಲಕ್ಷ ರೂಪಾಯಿಗೂ ಮೇಲಾಯಿತು. ತಿಂಗಳಿಗೆ 15 ಸಾವಿರ ಸಂಬಳದ ಗಿರಣಿ ಕಾರ್ಮಿಕ ಅನ್ನ, ಬಟ್ಟೆ, ಬಾಡಿಗೆ, ಮಕ್ಕಳ ಫೀಜು ಎಲ್ಲ ಬಿಟ್ಟು ಕಾಸಿಗೆ ಕಾಸು ಕೂಡಿಟ್ಟರೆ ಅಷ್ಟು ಹಣವಾಗಲು 115 ವರ್ಷ ಬೇಕು. ಇದು ಒಬ್ಬನ ಒಂದು ವರ್ಷದ ಮಿತಿ ಮಾತ್ರ. ಈ ಸೌಲಭ್ಯ ಅಪ್ರಾಪ್ತ ವಯಸ್ಕರಿಗೂ ಉಂಟು, ಪೋಷಕರು ರುಜು ಹಾಕಿದರೆ ಸಾಕು. ಗಂಡ, ಹೆಂಡತಿ, ಶಾಲೆಗೆ ಹೋಗುವ ಹುಡುಗ, ತೊಟ್ಟಿಲಲ್ಲಿ ಹಾಲು ಕುಡಿಯುವ ಕೂಸು, ಹೀಗೆ ನಾಲ್ಕು ತಲೆಯ ಸಂಸಾರ ವರ್ಷಕ್ಕೆ ಹತ್ತು ಲಕ್ಷ ಡಾಲರನ್ನು ಹೊರಗೆ ಸಾಗಿಸಬಹುದು. ನಮ್ಮಲ್ಲಿ ಕೂಸಿಗೆ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಲು ಎಷ್ಟು ಸಲ ಕಚೇರಿಗೆ ಅಲೆಯಬೇಕೆಂಬುದನ್ನು ಬಲ್ಲವರು ಇದನ್ನು ಎರಡು ಸಲ ಓದಿಕೊಳ್ಳಲಿ.

ನಡುವೆ ನಡೆದ ಒಂದು ಸಂಗತಿಯನ್ನು ಮರೆಯಬಾರದು. 2013ರಲ್ಲಿ ರೂಪಾಯಿ ದಿಕ್ಕೆಟ್ಟು ಕುಸಿಯುತ್ತಿದ್ದಾಗ, ಆಗಸ್ಟ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಈ ಮಿತಿಯನ್ನು ಎರಡು ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಸಿತು. ಪರದೇಶದಲ್ಲಿ ಮನೆ ಕೊಳ್ಳಲು ಈ ಹಣ ಬಳಸಕೂಡದೆಂದೂ ಅಪ್ಪಣೆ ಮಾಡಿತು. ವರ್ಷ ಕಳೆಯುವುದರೊಳಗೆ ಆ ನಿಷೇಧವೂ ಸಡಿಲಾಯಿತು, ಮಿತಿಯೂ ಏರತೊಡಗಿತು. ಮಕ್ಕಳ ವಿದ್ಯಾಭ್ಯಾಸಕ್ಕೆ, ಚಿಕಿತ್ಸೆಗೆ ಕಳಿಸುವ ಹಣಕ್ಕೆ ಮಾತ್ರ ಆಗಲೂ ದಾರಿ ಇಟ್ಟಿದ್ದರು. ಎಂದರೆ ಯಾವುದು ಅಗತ್ಯ, ಯಾವುದು ಚೈನಿ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಕಷ್ಟ ಬಂದಾಗ ನೆನಪಾಗುತ್ತದೆ, ಕಷ್ಟ ಕಳೆದ ಮೇಲೆ ಮರೆತುಹೋಗುತ್ತದೆ, ಅಷ್ಟೆ.

ಇನ್ನು ಮಾರುವವನ ಕಡೆಗೆ ಬರೋಣ. ದುಬೈಯಲ್ಲಿ ಎಣ್ಣೆ ಮೊದಲೇ ಕಡಿಮೆ. ನೆರೆಯ ಅಬು ಧಾಬಿಗೆ ಇರುವ ಎಣ್ಣೆಯ ಸಿರಿ ಅದಕ್ಕಿಲ್ಲ. ಆದುದರಿಂದ ಅಲ್ಲಿಯ ಆಳುವ ಮನೆತನ ಬಂದರು, ವಿಮಾನ, ವ್ಯಾಪಾರ ಇವುಗಳ ಜೊತೆಗೆ ಮರಳನ್ನೇ ಮಾರುವ ಉಪಾಯ ಕಂಡುಕೊಂಡಿತು. 2002ರಲ್ಲಿ ಗೊತ್ತುಪಡಿಸಿದ ಕೆಲವು ಪ್ರದೇಶಗಳಲ್ಲಿ ಪರದೇಶದವರಿಗೂ ಪೂರ್ಣ ಒಡೆತನದ ಮನೆ ಕೊಡುವುದೆಂದು ಸಾರಿದರು; 2006ರಲ್ಲಿ ಅದಕ್ಕೆ ಕಾನೂನಿನ ರೂಪ ಬಂತು. ಸಮುದ್ರದಲ್ಲಿ ಮರಳು ಸುರಿದು ತಾಳೆಮರದ ಆಕಾರದ ದ್ವೀಪ ಮಾಡಿದರು. ವೈಯಕ್ತಿಕ ವರಮಾನದ ಮೇಲೆ ಅಲ್ಲಿ ತೆರಿಗೆ ಇಲ್ಲ. ಹಣ ಎಲ್ಲಿಂದ ಬಂತೆಂದು ಕೇಳುವುದೂ ಬಹುಕಾಲ ಕಡಿಮೆಯೇ ಇತ್ತು. ಕಪ್ಪುಹಣದ ಸಾಗಾಟದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ 2022ರ ಮಾರ್ಚಿಯಿಂದ 2024ರ ಫೆಬ್ರವರಿಯವರೆಗೆ ಆ ದೇಶವನ್ನು ತನ್ನ ಬೂದು ಪಟ್ಟಿಯಲ್ಲಿ ಇಟ್ಟಿತ್ತು.

ಅಲ್ಲಿ ಮಾರಾಟವಾಗುವ ಮನೆಗಳಲ್ಲಿ ಬಹುಪಾಲು ಇನ್ನೂ ಕಟ್ಟದ ಮನೆಗಳು. ನಮ್ಮಲ್ಲಿ ಒಂದು ನಿವೇಶನ ಕೊಳ್ಳಬೇಕಾದರೆ ನಾವೇನು ಮಾಡುತ್ತೇವೆ? ಮೂಲಪತ್ರ ನೋಡುತ್ತೇವೆ, ಖಾತೆ ನೋಡುತ್ತೇವೆ, ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಋಣಭಾರದ ಪತ್ರ ತೆಗೆಸುತ್ತೇವೆ, ಟೇಪು ಹಿಡಿದು ಅಳೆಯುತ್ತೇವೆ, ಪಕ್ಕದ ಮನೆಯವನನ್ನು ವಿಚಾರಿಸುತ್ತೇವೆ. ಇಷ್ಟಾದರೂ ಮೋಸ ಹೋಗುವವರುಂಟು. ಅಲ್ಲಿಯದು ನೀರಿನಲ್ಲಿರುವ ಎಮ್ಮೆಯ ವ್ಯಾಪಾರ. ಕೊಂಬು ಮಾತ್ರ ಕಾಣುತ್ತದೆ, ಕಾಲು ಮೂರೋ ನಾಲ್ಕೋ ಎಂಬುದು ಎಮ್ಮೆ ದಡಕ್ಕೆ ಬಂದ ಮೇಲೆ ತಿಳಿಯಬೇಕು.

2008ರಲ್ಲಿ ಎಮ್ಮೆ ದಡಕ್ಕೆ ಬರಲೇ ಇಲ್ಲ. ಅಮೇರಿಕದ ಬ್ಯಾಂಕುಗಳು ಉರುಳಿದ ಹೊಡೆತಕ್ಕೆ ದುಬೈಯ ಮನೆಗಳ ಬೆಲೆ ಎರಡು ವರ್ಷದೊಳಗೆ ಅರ್ಧಕ್ಕೂ ಕೆಳಗೆ ಬಿತ್ತು. ನೂರಾರು ಯೋಜನೆಗಳು ಪಾಯದಲ್ಲೇ, ಕೆಲವು ಕಾಗದದಲ್ಲೇ ನಿಂತುಹೋದವು. 2009ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರದ್ದೇ ಆದ ದುಬೈ ವರ್ಲ್ಡ್ ಕಂಪೆನಿ ಸಾಲಗಾರರೆದುರು ಕೈಯೆತ್ತಿ ಗಡುವು ಕೇಳಿತು. ಡಿಸೆಂಬರಿನಲ್ಲಿ ಅಬು ಧಾಬಿ ಸಾವಿರ ಕೋಟಿ ಡಾಲರು ಕೊಟ್ಟು ಮಾನ ಉಳಿಸಿತು. 828 ಮೀಟರು ಎತ್ತರದ, ಜಗತ್ತಿಗೇ ದೊಡ್ಡ ಕಟ್ಟಡವನ್ನು ‘ಬುರ್ಜ್ ದುಬೈ’ ಎಂದು ವರ್ಷಗಟ್ಟಲೆ ಸಾರಿಕೊಂಡು ಬಂದಿದ್ದರು. 2010ರ ಜನವರಿ 4ರಂದು ಅದರ ಉದ್ಘಾಟನೆಯ ಹೊತ್ತಿನಲ್ಲಿ ಹೆಸರು ‘ಬುರ್ಜ್ ಖಲೀಫಾ’ ಎಂದಾಯಿತು. ಖಲೀಫಾ ಎಂದರೆ ಅಬು ಧಾಬಿಯ ಅಂದಿನ ಅರಸರು. ಹಣ ಕೊಟ್ಟವನ ಹೆಸರು ಗೋಡೆಗೆ ಬೀಳುವುದು ನಮ್ಮ ಛತ್ರಗಳಲ್ಲಿ ಮಾತ್ರವೇ ಅಲ್ಲವೆಂದಾಯಿತು.

ಆ ಏಟಿನಲ್ಲಿ ಬಿದ್ದವರ ಪೈಕಿ ಭಾರತೀಯರೂ ಇದ್ದರು. ಕಂತಿಗೆಂದು ಮುಂದಿನ ತಾರೀಖಿನ ಚೆಕ್ಕುಗಳನ್ನು ಬರೆದುಕೊಟ್ಟವರ ಪಾಡು ಇನ್ನೂ ಕಷ್ಟವಾಯಿತು. ನಮ್ಮ ಪೇಟೆಯಲ್ಲಿ ಚೆಕ್ಕು ತಿರುಗಿ ಬಂದರೆ ಕೋರ್ಟು, ವಾಯಿದೆ, ರಾಜಿ ಎಂದು ವರ್ಷಗಳು ಕಳೆಯುತ್ತವೆ. ಅಲ್ಲಿ ಹಣವಿಲ್ಲದ ಚೆಕ್ಕು ಬರೆದವನನ್ನು ಪೋಲೀಸರು ಹಿಡಿದು ಜೈಲಿಗೆ ಹಾಕುತ್ತಿದ್ದರು. 2022ರ ಜನವರಿಯಿಂದ ಆ ಕಾನೂನನ್ನು ಬಹುಮಟ್ಟಿಗೆ ಸಡಿಲಿಸಿದ್ದಾರೆ. ಕೊಳ್ಳುವವರ ಹಣವನ್ನು ಕಟ್ಟುವವನು ಮನಬಂದಂತೆ ಬಳಸದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ 2007ರ ಕಾನೂನೂ ಉಂಟು. ಇವೆಲ್ಲ ಒಳ್ಳೆಯದೇ. ಆದರೂ 2014ರಿಂದ 2020ರವರೆಗೆ ಬೆಲೆಗಳು ಮತ್ತೆ ಸರಿಸುಮಾರು ಮೂರನೆಯ ಒಂದು ಪಾಲು ಇಳಿದುವು, ಆ ಮೇಲೆ ಏರಿದುವು. ಏರಿದ ವರ್ಷಗಳ ಅಂಕಿಯನ್ನು ಮಾತ್ರ ಬೋರ್ಡಿಗೆ ಬರೆದು ತೋರಿಸುವುದು ದಲ್ಲಾಳಿಯ ಕಸುಬು.

ವರ್ತಕ ಮಿತ್ರರಿಗೆ ಇಲ್ಲಿ ಒಂದೆರಡು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಹೋಟೆಲಿನ ಪ್ರದರ್ಶನದಲ್ಲಿ ಇವನ್ನು ಯಾರೂ ಬಿಡಿಸಿ ಹೇಳರು. ಈ ಯೋಜನೆಯಡಿ ಪರದೇಶದ ಆಸ್ತಿಗೆ ಹಣ ಕಳಿಸಲು ಇಲ್ಲಿಯ ಬ್ಯಾಂಕು ಸಾಲ ಕೊಡಕೂಡದು. ಹಣ ನಿಮ್ಮದೇ ಆಗಿರಬೇಕು. 2023ರ ಅಕ್ಟೋಬರಿನಿಂದ, ಮಿತಿ ಮೀರಿದ ರವಾನೆಯ ಮೇಲೆ ಬ್ಯಾಂಕು ಶೇಕಡಾ 20ರಷ್ಟನ್ನು ಮುಂಗಡ ತೆರಿಗೆಯಾಗಿ ಹಿಡಿಯುತ್ತದೆ. ಆ ಮಿತಿ ಮೊದಲು ವರ್ಷಕ್ಕೆ ಏಳು ಲಕ್ಷ ರೂಪಾಯಿ ಇತ್ತು, 2025ರ ಏಪ್ರಿಲಿನಿಂದ ಹತ್ತು ಲಕ್ಷವಾಗಿದೆ. ತೆರಿಗೆಯ ಲೆಕ್ಕದಲ್ಲಿ ಅದು ವಜಾ ಆಗುವುದು ನಿಜ, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ವ್ಯಾಪಾರಕ್ಕೆ ಸಿಗದು. ದುಬೈಯಲ್ಲಿ ನೋಂದಣಿಗೆ ಶೇಕಡಾ 4, ಅದರ ಮೇಲೆ ದಲ್ಲಾಳಿಯ ಕಮೀಶನು, ಆಮೇಲೆ ವರ್ಷವರ್ಷವೂ ಚದರಡಿಗೆ ಇಷ್ಟೆಂದು ಕಟ್ಟಡದ ನಿರ್ವಹಣೆಯ ಖರ್ಚು. ಬಾಡಿಗೆದಾರ ಬಂದರೂ ಸರಿ, ಬಾಗಿಲಿಗೆ ಬೀಗ ಬಿದ್ದರೂ ಸರಿ, ಈ ಖರ್ಚು ಬಿಡದು. ಅಲ್ಲಿ ತೆರಿಗೆ ಇಲ್ಲವೆಂಬ ಮಾತು ಕೇಳಿ ಹಿಗ್ಗುವವರು, ಇಲ್ಲಿ ವಾಸವಾಗಿರುವವನು ಅಲ್ಲಿಯ ಬಾಡಿಗೆಯನ್ನೂ ಇಲ್ಲಿಯ ಆದಾಯ ತೆರಿಗೆ ಲೆಕ್ಕಪತ್ರದಲ್ಲಿ ತೋರಿಸತಕ್ಕದ್ದೆಂಬುದನ್ನು ಮರೆಯುತ್ತಾರೆ. ತೋರಿಸದೆ ಮುಚ್ಚಿಟ್ಟರೆ 2015ರ ಕಪ್ಪುಹಣದ ಕಾಯಿದೆ ಇದೆ. ಮುಚ್ಚಿಟ್ಟ ಆಸ್ತಿಯ ಬೆಲೆಯ ಮೇಲೆ ಶೇಕಡಾ 30 ತೆರಿಗೆ, ಆ ತೆರಿಗೆಯ ಮೂರರಷ್ಟು ದಂಡ. ಕೂಡಿಸಿದರೆ ಆಸ್ತಿಯ ಬೆಲೆಯನ್ನೇ ಮೀರುತ್ತದೆ.

‘ಇದೆಲ್ಲ ರಗಳೆ ಬೇಡ, ಇಲ್ಲಿ ನಗದು ಕೊಡಿ, ಅಲ್ಲಿ ದಿರ್ಹಮು ಸಿಗುತ್ತದೆ’ ಎಂದು ಕಿವಿಯಲ್ಲಿ ಹೇಳುವವರೂ ಇದ್ದಾರೆ. ಇದರ ಹೆಸರು ಹವಾಲಾ. ದೊಡ್ಡವರು ಸಿಕ್ಕಿಬಿದ್ದರೆ ಅವರಿಗೆ ದೆಹಲಿಯಲ್ಲಿ ವಕೀಲರಿದ್ದಾರೆ. ಸಣ್ಣ ಪೇಟೆಯ ಬಟ್ಟೆ ವ್ಯಾಪಾರಿ ಸಿಕ್ಕಿಬಿದ್ದರೆ ಅಂಗಡಿಗೆ ಬೀಗ, ಊರಲ್ಲಿ ಹೆಸರು ಹಾಳು.

ಹಾಗಾದರೆ ಅಲ್ಲಿ ಕೊಂಡವರು ಎಷ್ಟು ಮಂದಿ? ನಾರ್ವೆ, ಫ್ರಾನ್ಸ್ ಮೊದಲಾದ ದೇಶಗಳ ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದುಬೈಯ ಮನೆಮಾರುಗಳಲ್ಲಿ ಪರದೇಶದವರು ಹೂಡಿದ್ದು ಕಡಿಮೆಯೆಂದರೂ 14,600 ಕೋಟಿ ಡಾಲರು. ಅದರಲ್ಲಿ ಸುಮಾರು ಐದನೆಯ ಒಂದು ಪಾಲು ಭಾರತೀಯರದು, ಎಲ್ಲ ದೇಶಗಳಿಗಿಂತ ಹೆಚ್ಚು. 2024ರ ಮೇ ತಿಂಗಳಲ್ಲಿ ಹಲವು ದೇಶಗಳ ಪತ್ರಕರ್ತರು ಸೇರಿ ಸೋರಿಬಂದ ದಾಖಲೆಗಳನ್ನು ಬಯಲಿಗೆ ತಂದಾಗ, ಸುಮಾರು 29,700 ಭಾರತೀಯರ ಹೆಸರಿನಲ್ಲಿ ಸುಮಾರು 35,000 ಆಸ್ತಿಗಳು ಕಂಡುಬಂದವು. ಬೆಲೆ ಸುಮಾರು 1,700 ಕೋಟಿ ಡಾಲರು. ಇದರ ಪಕ್ಕಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕವನ್ನಿಡಿ. 2023–24ರಲ್ಲಿ ದೇಶವಾಸಿಗಳು ಸರಿಯಾದ ದಾರಿಯಲ್ಲಿ ಎಲ್ಲ ಪರದೇಶಗಳಲ್ಲೂ ಆಸ್ತಿ ಕೊಳ್ಳಲು ಕಳಿಸಿದ್ದು ಸುಮಾರು 24 ಕೋಟಿ ಡಾಲರು, ಮರುವರ್ಷ ಸುಮಾರು 32 ಕೋಟಿ.

ಈ ಎರಡು ಅಂಕಿಗಳ ಅಂತರವನ್ನೆಲ್ಲ ಕಪ್ಪುಹಣವೆಂದು ಕೂಗುವುದು ಸರಿಯಲ್ಲ. ಅಲ್ಲಿಯೇ ಹತ್ತಿಪ್ಪತ್ತು ವರ್ಷ ನೆಲೆಸಿ, ಅಲ್ಲಿಯೇ ದುಡಿದು, ತಲೆಯ ಮೇಲೊಂದು ಸೂರೆಂದು ಎರಡು ಕೋಣೆಯ ಮನೆ ಕೊಂಡ ಮಂಗಳೂರಿನ ಲೆಕ್ಕಿಗ, ಭಟ್ಕಳದ ಅಂಗಡಿಕಾರ, ಕೇರಳದ ನರ್ಸು ಇವರೂ ಆ ಪಟ್ಟಿಯಲ್ಲಿ ಇರಬಹುದು. ವಾಸಕ್ಕೆಂದು ಮನೆ ಕೊಂಡವನ ಮೇಲೆ ನಮ್ಮ ಜಗಳವಿಲ್ಲ. ಇಲ್ಲಿ ದುಡಿಸಿಕೊಂಡು, ಇಲ್ಲಿಯ ತೆರಿಗೆ ತಪ್ಪಿಸಿ, ಅಲ್ಲಿ ಮೂರನೆಯ ನಾಲ್ಕನೆಯ ಮನೆಗೆ ಬೀಗ ಹಾಕಿಟ್ಟವನು ಯಾರು ಎಂಬುದನ್ನು ಬೇರ್ಪಡಿಸಿ ಹೇಳಬೇಕಾದ ಸರ್ಕಾರ ಬಾಯಿ ಬಿಡುವುದಿಲ್ಲವೆಂಬುದೇ ದೂರು.

ಈಗ ಕಟ್ಟಿದವರ ಮಾತು. 1973ರಲ್ಲಿ ಎಣ್ಣೆಯ ಬೆಲೆ ಏರಿದಂದಿನಿಂದ ನಮ್ಮ ಜನ ಕೊಲ್ಲಿಗೆ ಹೋಗುತ್ತಿದ್ದಾರೆ. ಹೋಗುವ ಮೊದಲೇ ಸಾಲ. ಕೆಲಸ ಕೊಡಿಸುವ ಏಜೆಂಟನು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ನಮ್ಮ ಸರ್ಕಾರದ ನಿಯಮವಿದೆ. ಲಕ್ಷಕ್ಕೂ ಮೇಲೆ ಕೊಟ್ಟು, ಹೆಂಡತಿಯ ಮಾಂಗಲ್ಯ ಅಡವಿಟ್ಟು ಹೋದವರು ಯಾವ ಊರಲ್ಲಿಲ್ಲ? ಹೋದವನು ಆ ಮಾಲೀಕನಿಗೇ ಕಟ್ಟುಬಿದ್ದವನು. ಅವನ ವೀಸಾ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧವೇ, ಆದರೂ ಕಿತ್ತಿಟ್ಟುಕೊಳ್ಳುವವರಿದ್ದಾರೆ. ಊರಾಚೆ ಕಾರ್ಮಿಕರ ಶಿಬಿರ, ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ದುಬೈಯ ಅಂಥ ಒಂದು ಬಡಾವಣೆಯನ್ನು ನಮ್ಮವರೇ ‘ಸೋನಾಪುರ’ ಎಂದು ಕರೆದರು. ಚಿನ್ನದ ಊರು! ಹೆಸರಿಟ್ಟವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು, ಇಲ್ಲವೇ ಸಂಕಟ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂಬ ನಿಯಮ ಅಲ್ಲಿ ಉಂಟು. 2009ರಿಂದ ಕೂಲಿಯನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂಬ ಏರ್ಪಾಡೂ ಬಂದಿದೆ. ಇವು ದಾನವಾಗಿ ಬಂದುವಲ್ಲ. 2006ರ ಮಾರ್ಚಿಯಲ್ಲಿ, ಅದೇ ಬುರ್ಜ್ ಕಟ್ಟಡದ ನಿವೇಶನದಲ್ಲಿ, ಕೂಲಿ ಸಾಲದೆಂದೂ ಬಸ್ಸು ತಡವೆಂದೂ ಬೇಸತ್ತ ಸಾವಿರಾರು ಕಾರ್ಮಿಕರು ರೊಚ್ಚಿಗೆದ್ದರು. ಆಗ ಅಲ್ಲಿ ಸಾಮಾನ್ಯ ಕೂಲಿಯಾಳಿಗೆ ದಿನಕ್ಕೆ ಮೂರು ಪೌಂಡಿಗೂ ಕಡಿಮೆ ಸಿಗುತ್ತಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. 2007ರಲ್ಲಿ ಮತ್ತೆ ಮುಷ್ಕರ ನಡೆಯಿತು. ಅಲ್ಲಿ ಯೂನಿಯನ್ನು ಕಟ್ಟುವ ಹಕ್ಕಿಲ್ಲ, ಮುಷ್ಕರದ ಹಕ್ಕೂ ಇಲ್ಲ. ಮುಂದೆ ನಿಂತವನಿಗೆ ಊರಿಗೆ ಟಿಕೆಟ್ಟು. ಯೂನಿಯನ್ನಿನ ಚಂದಾ ಕೊಡಲು ಬೇಸರಪಡುವ ನಮ್ಮ ಕೆಲವು ಗಿರಣಿ ಸಂಗಾತಿಗಳು ಈ ಸಾಲನ್ನು ಗಮನಿಸಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಸಂಗತಿ ಇನ್ನೊಂದಿದೆ. 20 ಲಕ್ಷ ದಿರ್ಹಮು, ಅಂದರೆ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಬೆಲೆಯ ಮನೆ ಕೊಂಡವನಿಗೆ ಆ ಸರ್ಕಾರ ಹತ್ತು ವರ್ಷದ ‘ಚಿನ್ನದ ವೀಸಾ’ ಕೊಡುತ್ತದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಯಾವ ಮಾಲೀಕನ ಹಂಗೂ ಇಲ್ಲ, ಅವಧಿ ಮುಗಿದರೆ ನವೀಕರಿಸಬಹುದು. ಅದೇ ಕಟ್ಟಡದ ನಲವತ್ತನೆಯ ಅಂತಸ್ತಿನಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಕೂರಿಸಿದವನು ಮೂವತ್ತು ವರ್ಷ ದುಡಿದರೂ, ಕೆಲಸ ಹೋದೊಡನೆ ಗಂಟು ಕಟ್ಟಬೇಕು. ಕಡಿಮೆ ಸಂಬಳದವನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಅವಕಾಶವೂ ಇಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಮಗು ಅಪ್ಪನ ಗುರುತು ಹಿಡಿಯದೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ.

ನಮ್ಮ ದೇಶದ ಬೊಕ್ಕಸದ ದೃಷ್ಟಿಯಿಂದಲೂ ನೋಡಿ. 2023–24ರಲ್ಲಿ ಪರದೇಶಗಳಲ್ಲಿ ದುಡಿಯುವ ಭಾರತೀಯರು ಊರಿಗೆ ಕಳಿಸಿದ ಹಣ 11,870 ಕೋಟಿ ಡಾಲರು ಎಂದು ರಿಸರ್ವ್ ಬ್ಯಾಂಕು ಲೆಕ್ಕ ಕೊಟ್ಟಿದೆ. ಅದರಲ್ಲಿ ಐದನೆಯ ಒಂದು ಪಾಲಿನಷ್ಟು ಬಂದುದು ದುಬೈ ಸೇರಿದ ಅರಬ್ ಸಂಸ್ಥಾನಗಳಿಂದ. ಅದೇ ವರ್ಷ ಮೇಲೆ ಹೇಳಿದ ರವಾನೆ ಯೋಜನೆಯಡಿ ಹೊರಗೆ ಹೋದುದು, ಓದು, ಪ್ರವಾಸ, ಷೇರು, ಮನೆ ಎಲ್ಲ ಸೇರಿ, 3,170 ಕೋಟಿ ಡಾಲರು. ಯೋಜನೆ ಶುರುವಾದ 2004–05ರಲ್ಲಿ ಅದು ಒಂದು ಕೋಟಿ ಡಾಲರು ಕೂಡ ಇರಲಿಲ್ಲ. ಕೂಲಿಕಾರನು ತಾಯಿಯ ಔಷಧಿಗೆ, ತಂಗಿಯ ಮದುವೆಗೆ ಕಳಿಸಿದ ಡಾಲರು ಬ್ಯಾಂಕಿನ ಒಂದು ಕಿಟಕಿಯಲ್ಲಿ ಒಳಗೆ ಬರುತ್ತದೆ. ಪಕ್ಕದ ಕಿಟಕಿಯಲ್ಲಿ ಸಾಹುಕಾರನು ಅದೇ ಡಾಲರನ್ನು ಕೊಂಡು, ಆ ಕೂಲಿಕಾರನೇ ಕಟ್ಟಿದ ಮನೆಗೆ ಬೆಲೆಯಾಗಿ ಹಿಂದಕ್ಕೆ ಕಳಿಸುತ್ತಾನೆ. ಆಸ್ತಿಗೆಂದು ಹೋಗುವ ಮೊತ್ತ ಇಡೀ ಲೆಕ್ಕದಲ್ಲಿ ಸಣ್ಣದೆಂದು ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ. ಸಣ್ಣದೇ ಸರಿ. ದೇಶವೇನೂ ಇದರಿಂದ ದಿವಾಳಿಯಾಗದು. ಆದರೆ ಆ ಡಾಲರು ಯಾರ ಬೆವರಿನಿಂದ ಬಂತು ಎಂಬ ಪ್ರಶ್ನೆ ಮೊತ್ತ ಸಣ್ಣದಾದ ಮಾತ್ರಕ್ಕೆ ಸಣ್ಣದಾಗುವುದಿಲ್ಲ.

ಪರದೇಶದವರಿಗೆ ಮನೆ ಮಾರುವುದು ದೊಡ್ಡ ಪುಣ್ಯವೆಂದು ತಿಳಿದಿದ್ದ ದೇಶಗಳು ಈಚೆಗೆ ಒಂದೊಂದಾಗಿ ಕಣ್ಣು ತೆರೆಯುತ್ತಿವೆ. ನ್ಯೂಜಿಲೆಂಡ್ 2018ರಲ್ಲಿ ಹೆಚ್ಚಿನ ಪರದೇಶೀಯರಿಗೆ ಹಳೆಯ ಮನೆಗಳ ಮಾರಾಟ ನಿಲ್ಲಿಸಿತು. ಕೆನಡಾ 2023ರ ಜನವರಿಯಿಂದ ನಿಷೇಧಿಸಿ, ಆ ನಿಷೇಧವನ್ನು 2027ರ ಆರಂಭದವರೆಗೆ ಬೆಳೆಸಿತು. ಆಸ್ಟ್ರೇಲಿಯ 2025ರ ಏಪ್ರಿಲಿನಿಂದ ಎರಡು ವರ್ಷ, ಇರುವ ಮನೆಗಳನ್ನು ಹೊರಗಿನವರು ಕೊಳ್ಳಕೂಡದೆಂದಿತು. ಸಿಂಗಪುರ 2023ರಲ್ಲಿ ಹೊರಗಿನವರ ಮೇಲೆ ಶೇಕಡಾ 60ರಷ್ಟು ಹೆಚ್ಚುವರಿ ಸುಂಕ ಹಾಕಿತು. ಒಂದು ಕೋಟಿಯ ಮನೆಗೆ ಅರುವತ್ತು ಲಕ್ಷ ಸುಂಕ! ಮನೆ ಕೊಂಡರೆ ವಾಸದ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರ ಏಪ್ರಿಲಿನಲ್ಲಿ ಆ ಬಾಗಿಲು ಮುಚ್ಚಿದವು. ಸ್ಪೇನಿನ ಪಟ್ಟಣಗಳಲ್ಲಿ 2024ರಲ್ಲಿ ಸಾವಿರಾರು ಜನ ಬೀದಿಗಿಳಿದು, ನಾವು ಹುಟ್ಟಿದ ಊರಲ್ಲಿ ನಮಗೇ ಬಾಡಿಗೆ ಕೊಡಲಾಗುತ್ತಿಲ್ಲವೆಂದು ಮೆರವಣಿಗೆ ಮಾಡಿದರು. ಇವು ಯಾವುವೂ ಕ್ರಾಂತಿಯ ದೇಶಗಳಲ್ಲ, ಮಾರುಕಟ್ಟೆಯನ್ನೇ ಪೂಜಿಸುವ ದೇಶಗಳು. ಮನೆಯೆಂಬುದು ಮೊದಲು ವಾಸಕ್ಕೆ, ಆಮೇಲೆ ವ್ಯಾಪಾರಕ್ಕೆ ಎಂಬುದನ್ನು ಅವು ಕಲಿತದ್ದು ತಮ್ಮ ಹುಡುಗರ ಸಿಟ್ಟಿನಿಂದ.

ನೆಲವನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರಬಹುದೆಂಬುದು ಬ್ರಹ್ಮಲಿಪಿಯಲ್ಲ. ಭಾರತದಲ್ಲಿಯೂ ಹೊರದೇಶದಲ್ಲಿ ವಾಸಿಸುವ, ಭಾರತ ಮೂಲದವನಲ್ಲದ ಪರಕೀಯನು ಆಸ್ತಿ ಕೊಳ್ಳುವಂತಿಲ್ಲ. ಹೊರನಾಡಿನ ಭಾರತೀಯನೂ ಕೃಷಿಭೂಮಿ ಕೊಳ್ಳುವಂತಿಲ್ಲ. ನಮ್ಮ ರಾಜ್ಯದಲ್ಲಿ 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಕೇಳಿದ್ದೂ, ಅವರ ಜೊತೆಗೆ ನಿಲ್ಲಲು ಬಂದು ಲೋಹಿಯಾರವರು ಬಂಧನಕ್ಕೊಳಗಾದುದೂ ಇದೇ ಪ್ರಶ್ನೆಗೆ: ನೆಲ ಯಾರದು? 1961ರ ಭೂಸುಧಾರಣಾ ಕಾಯಿದೆ, 1974ರ ಅದರ ತಿದ್ದುಪಡಿ, ಉಳುವವನಲ್ಲದವನು ಹೊಲ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳು ಆ ಪ್ರಶ್ನೆಗೆ ಸಿಕ್ಕ ಉತ್ತರದ ತುಣುಕುಗಳು. 2020ರಲ್ಲಿ ಆ ಕಲಮುಗಳನ್ನು ಕಿತ್ತುಹಾಕಿದರು. ಜಗತ್ತು ಬಾಗಿಲು ಮುಚ್ಚುವುದನ್ನು ಕಲಿಯುತ್ತಿರುವಾಗ ನಾವು ತೆರೆಯುವುದನ್ನು ಕಲಿತೆವು.

‘ಅವನ ಹಣ, ಅವನ ಇಷ್ಟ; ನಿಮಗೇಕೆ ಹೊಟ್ಟೆಯುರಿ?’ ಎಂದು ಕೇಳುವವರಿಗೆ ಒಂದು ಮಾತು. ಹಣ ಯಾವಾಗ ಅವನದಾಯಿತು? ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ನಿನ ಸದ್ದಿಗೆ ಊರಿಗೆ ಊರೇ ಏಳುತ್ತಿದ್ದ ಕಾಲವಿತ್ತು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಯಂತ್ರ ಹೊಸದು ಮಾಡಲು ಬಂಡವಾಳವಿಲ್ಲವೆಂಬ ಮಾತು ಕೇಳಿಬಂತು. ಮುಂಬಯಿಯಲ್ಲಿ 1982ರ ಮುಷ್ಕರದ ಬಳಿಕ ಗಿರಣಿಗಳು ಮಲಗಿದುವು, ಅವುಗಳ ನೆಲ ಮಾತ್ರ ಎದ್ದು ಕುಳಿತಿತು. 1991ರ ನಿಯಮದಂತೆ ಆ ನೆಲದ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಸಿಗಬೇಕಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದು ಕುಗ್ಗಿಸಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೂಲಿನ ಯಂತ್ರಕ್ಕೆ ಇಲ್ಲದ ಬಂಡವಾಳ ಉಪ್ಪರಿಗೆಗೆ ಬಂತು. ಉಪ್ಪರಿಗೆಯಿಂದ ಬಂದ ಲಾಭಕ್ಕೆ ಗಡಿಯ ಹಂಗೇನು? ಇಲ್ಲಿ ಕಾರ್ಖಾನೆಯಲ್ಲಿ ಹಾಕಿದರೆ ಯೂನಿಯನ್ನು, ಬೋನಸ್ಸು, ಪ್ರಾವಿಡೆಂಟ್ ಫಂಡಿನ ತಾಪತ್ರಯ. ದುಬೈಯ ಗೋಡೆ ಬೋನಸ್ಸು ಕೇಳುವುದಿಲ್ಲ.

ಇಲ್ಲಿಯ ವಸತಿಯ ಲೆಕ್ಕ ಹೇಗಿದೆ? 2011ರ ಜನಗಣತಿಯ ಹೊತ್ತಿಗೆ ದೇಶದ ಪಟ್ಟಣಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1 ಕೋಟಿ 11 ಲಕ್ಷ. 2012ರಲ್ಲಿ ಸರ್ಕಾರದ ತಜ್ಞರೇ ಲೆಕ್ಕ ಹಾಕಿದಂತೆ ಪಟ್ಟಣಗಳಲ್ಲಿ ಕೊರತೆಯಿದ್ದ ಮನೆಗಳು 1 ಕೋಟಿ 88 ಲಕ್ಷದಷ್ಟು. ಬೀಗ ಹಾಕಿದ ಮನೆಯೂ ಮನೆಯಿಲ್ಲದ ಸಂಸಾರವೂ ಒಂದೇ ಬೀದಿಯಲ್ಲಿ.

ಹೀಗಿರುವಾಗ ಪರದೇಶದಲ್ಲಿ ಮನೆ ಕೊಳ್ಳುವುದನ್ನೇ ನಿಷೇಧಿಸಬೇಕೆಂದು ನಾನು ಹೇಳಲಾರೆ. ನಿಷೇಧವಿದ್ದ ಕಾಲದಲ್ಲಿ ಸೂಟುಕೇಸಿನಲ್ಲಿ ಹಣ ಹೋಗುತ್ತಿತ್ತು, ದುಬೈಯಿಂದ ದೋಣಿಗಳಲ್ಲಿ ಚಿನ್ನ ಬರುತ್ತಿತ್ತು. ಸಿಕ್ಕಿಬೀಳುತ್ತಿದ್ದವನು ದೋಣಿ ಹುಟ್ಟುಹಾಕುವವನು. ಕೇಳಬೇಕಾದುದು ಬೇರೆ. ರವಾನೆ ಯೋಜನೆಯಡಿ ಹೋದ ಹಣದ ಒಟ್ಟು ಮೊತ್ತವನ್ನು ಮಾತ್ರ ಹೇಳಿ ಕೈತೊಳೆಯದೆ, ಎಷ್ಟು ಮಂದಿ, ಎಷ್ಟೆಷ್ಟು ಮೊತ್ತದವರು, ಯಾವ ದೇಶಕ್ಕೆ, ಎಷ್ಟನೆಯ ಮನೆಗೆ ಕಳಿಸಿದರೆಂಬ ವಿವರವನ್ನು ಹೆಸರಿಲ್ಲದೆಯಾದರೂ ವರ್ಷವರ್ಷ ಪ್ರಕಟಿಸಲಿ. ಅಪ್ರಾಪ್ತ ಮಕ್ಕಳ ಹೆಸರಿನ ಮಿತಿಯನ್ನು ಓದು, ಚಿಕಿತ್ಸೆಗಳಿಗೆ ಮಾತ್ರ ಇಟ್ಟು, ಆಸ್ತಿಗೆ ತೆಗೆದುಹಾಕಲಿ. 2024ರಲ್ಲಿ ಬಯಲಾದ ದಾಖಲೆಗಳಲ್ಲಿರುವ ಹೆಸರುಗಳನ್ನು ತೆರಿಗೆಯ ಲೆಕ್ಕಪತ್ರಗಳೊಡನೆ ತಾಳೆ ನೋಡಿ ಎಷ್ಟು ವಸೂಲಾಯಿತೆಂದು ಪಾರ್ಲಿಮೆಂಟಿನಲ್ಲಿ ಹೇಳಲಿ. ನಮ್ಮ ಸಂಸದರು ಚುನಾವಣೆಗೆ ಬಂದಾಗ ಗಿರಣಿಯ ಗೇಟಿನಲ್ಲೂ ಪೇಟೆಯ ಸಭೆಯಲ್ಲೂ ಅವರನ್ನು ನಿಲ್ಲಿಸಿ ಈ ಮೂರನ್ನು ಕೇಳಬಹುದು.

ಇನ್ನು ಕೊಲ್ಲಿಗೆ ಹೊರಟ ಹುಡುಗರ ವಿಷಯ. ಏಜೆಂಟನಿಗೆ ಸರ್ಕಾರದ ರಿಜಿಸ್ಟರ್ ನಂಬರು ಇದೆಯೇ ಎಂದು ನೋಡದೆ, ಕೊಟ್ಟ ಹಣಕ್ಕೆ ರಸೀದಿ ಪಡೆಯದೆ, ಕರಾರುಪತ್ರವನ್ನು ಓದಬಲ್ಲವರಿಂದ ಓದಿಸಿಕೊಳ್ಳದೆ ಯಾರೂ ವಿಮಾನ ಹತ್ತಬಾರದು. 2003ರಿಂದ ಇಂಥವರಿಗೆಂದೇ ‘ಪ್ರವಾಸಿ ಭಾರತೀಯ ಬಿಮಾ’ ಎಂಬ ವಿಮೆ ಇದೆ. ಕೆಲವೇ ನೂರು ರೂಪಾಯಿಯ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಕಾಯಂ ಅಂಗವಿಕಲನಾದರೆ ಹತ್ತು ಲಕ್ಷ ರೂಪಾಯಿ. ಆ ವಿಮೆಯ ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿ, ತಾಯಿಯದೋ ಹೆಂಡತಿಯದೋ ಪೆಟ್ಟಿಗೆಯಲ್ಲಿ ಇಟ್ಟು ಹೋಗಬೇಕು. ಪಾಸ್‌ಪೋರ್ಟಿನ ನಕಲನ್ನೂ ಅದರ ಜೊತೆಗೇ ಇಡಲಿ.